ತೊಟ್ಟಿಯ ತಳದಲ್ಲಿ ಬಿಟ್ಟ ಗೇಣು ಹುಳಿ

ಹುಳಿಯಲ್ಲಿ ಏನೂ ಬದುಕೋದಿಲ್ಲ ಅಂತ ಯಾರಾದರೂ ನನ್ನೆದುರಿಗೆ ಅಂದರೆ ಈಗಲೂ ಮೈ ಉರಿಯುತ್ತೆ. ಮೊನ್ನೆ ನಮ್ಮ ಬೀದಿಯ ಒಬ್ಬಾಕೆ ನಿಂಬೆ ಉಪ್ಪಿನಕಾಯಿ ಕೆಟ್ಟಿತು ಅಂತ ಕೆಲಸದವಳನ್ನು ಬೈಯುತ್ತಿದ್ದರು. "ಇಷ್ಟು ಹುಳಿ ಇರೋದು ತಾನಾಗೇ ಹೇಗೆ ಕೆಡುತ್ತೆ? ಎಲ್ಲಾ ಇವಳ ಕೈಗುಣ" ಅಂದರು. ನಾನು ತರಕಾರಿ ಚೀಲ ಹಿಡಿದು ದಾರಿಯಲ್ಲಿ ಹೋಗುತ್ತಿದ್ದವಳು, ಕರೆಯದೆ ಅವರ ಮನೆಯೊಳಗೆ ನುಗ್ಗಿ ಜಗಳ ಆಡಿಬಿಟ್ಟೆ. ಆಕೆ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ, ನನಗೇನೂ ನಷ್ಟವಿಲ್ಲ. ಆ ಕೈಗುಣದ ಮಾತನ್ನು ನಾನು ಹಿಂದೊಮ್ಮೆ ಗುಂಡ್ಲುಪೇಟೆಯ ಒಂದು ಶೆಡ್ಡಿನ ಅಂಗಳದಲ್ಲಿ ಕೇಳಿದ್ದೆ. ನಾನೇ ಬರೆದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನು ಹೇಳಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಇನ್ನೂ ಜಿಲ್ಲೆ ಆಗಿರಲಿಲ್ಲ, ಆಗುತ್ತೆ ಆಗುತ್ತೆ ಅಂತ ಟೀ ಅಂಗಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನು ಅಲ್ಲೇ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಗುಂಡ್ಲುಪೇಟೆ ಹೊರಗೆ ಮಿಡಿಸೌತೆ ತುಂಬುವ ಶೆಡ್ಡೊಂದು ಶುರುವಾಗಿ, ಅಲ್ಲಿಗೆ ಸೈನ್ಸ್ ಓದಿದ ಹುಡುಗಿ ಬೇಕಂತೆ ಅಂತ ಅಪ್ಪನ ಸ್ನೇಹಿತರೊಬ್ಬರು ಹೇಳಿದರು. ದಿನಾ ಬೆಳಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತುತ್ತಿದ್ದೆ. ಕೂರಲು ಸೀಟು ಸಿಕ್ಕ ದಿನ ನನಗೆ ಹಬ್ಬ.

ಮಿಡಿಸೌತೆ ಅಂದರೆ ಹೆಬ್ಬೆರಳಿನಷ್ಟು ಉದ್ದದ ಎಳೆ ಸೌತೆ. ಅದನ್ನು ನಮ್ಮ ಕಡೆ ಯಾರೂ ತಿನ್ನುತ್ತಿರಲಿಲ್ಲ. ಹೊಲದಲ್ಲಿ ಬೆಳೆಸಿ, ಗಾತ್ರ ನೋಡಿ ಆರಿಸಿ, ತೊಳೆದು, ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒತ್ತಿ ತುಂಬಿ, ಮೇಲೆ ಉಪ್ಪು ಮತ್ತು ವಿನೆಗರ್ ಬೆರೆಸಿದ ನೀರು ಹೊಯ್ದು, ಮುಚ್ಚಳ ಬಿಗಿದು ಕಳಿಸುವುದು. ಹಡಗು ಹತ್ತಿ ಯಾವುದೋ ದೇಶಕ್ಕೆ ಹೋಗುತ್ತೆ ಅಂತ ಹೇಳುತ್ತಿದ್ದರು. ಅಲ್ಲಿಯವರು ಅದನ್ನು ರೊಟ್ಟಿ ಮಧ್ಯ ಇಟ್ಟುಕೊಂಡು ತಿಂತಾರಂತೆ ಅಂತ ಹೆಂಗಸರು ನಗುತ್ತಿದ್ದರು.

ಆ ವಿನೆಗರ್ ನೀರು ತಯಾರಾಗುತ್ತಿದ್ದುದು ಶೆಡ್ಡಿನ ಮೂಲೆಯಲ್ಲಿದ್ದ ಒಂದು ತೊಟ್ಟಿಯಲ್ಲಿ. ಎದೆ ಮಟ್ಟದ ತೊಟ್ಟಿ, ಕೆಳಗೊಂದು ನಲ್ಲಿ. ಬೆಳಗ್ಗೆ ನೀರು, ಉಪ್ಪು, ವಿನೆಗರ್ ಸುರಿದು ಮರದ ಕೋಲಿನಲ್ಲಿ ತಿರುವುವುದು, ದಿನವೆಲ್ಲ ಅದರಿಂದ ಡ್ರಮ್ಮಿಗೆ ಬಿಡುವುದು. ಡ್ರಮ್ಮು ತುಂಬುವಾಗ ಉಕ್ಕಿ ಹೊರಬಂದ ನೀರನ್ನೂ ಬಕೆಟ್ಟಿನಲ್ಲಿ ಹಿಡಿದು ಸಂಜೆ ಮತ್ತೆ ಅದೇ ತೊಟ್ಟಿಗೆ ಸುರಿಯುತ್ತಿದ್ದರು. ತೊಟ್ಟಿಗೆ ಒಂದು ನಿಯಮ ಇತ್ತು. ಶೆಡ್ಡಿನ ಪೂಜೆ ದಿನ ಯಜಮಾನರ ತಾಯಿ ಬಂದು ಹಾಕಿಕೊಟ್ಟ ನಿಯಮ ಅದು: ತೊಟ್ಟಿಯನ್ನು ಯಾವತ್ತೂ ಬರಿದು ಮಾಡಬಾರದು, ತಳದಲ್ಲಿ ಒಂದು ಗೇಣು ಉಳಿಸಬೇಕು.

ಇದರಲ್ಲಿ ವಿಚಿತ್ರ ಏನೂ ಇರಲಿಲ್ಲ. ನಮ್ಮ ಮನೆಯಲ್ಲೂ ಅವ್ವ ರಾಗಿ ತುಂಬಿಡುವ ಮಣ್ಣಿನ ವಾಡೆಯ ತಳದಲ್ಲಿ ಒಂದು ಹಿಡಿ ಬಿಟ್ಟೇ ಹೊಸ ರಾಗಿ ಸುರಿಯುತ್ತಿದ್ದಳು. ಉಪ್ಪಿನ ಮಡಕೆಗೂ ಅದೇ, ಅಕ್ಕಿ ಡಬ್ಬಕ್ಕೂ ಅದೇ. ಬರಿದಾದ ಪಾತ್ರೆಗೆ ಲಕ್ಷ್ಮಿ ತಿರುಗಿ ಬರಲ್ಲ ಅಂತ. ತೊಟ್ಟಿ ಕೆಲಸದ ಗಂಡಸರಿಗೆ ಸಂಜೆ ಎಷ್ಟೋ ಸಲ ನಾನೇ "ತಳ ಬಿಟ್ಟಿದೀರೇನ್ರಪ್ಪ" ಅಂತ ಕೇಳಿದ್ದೇನೆ. ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತೆ.

ಡ್ರಮ್ಮು ತುಂಬುವ ಹೆಂಗಸರಲ್ಲಿ ಮುಂದಾಳು ಉಮ್ಮತ್ತೂರಕ್ಕ. ಹುಟ್ಟಿದ್ದು ಉಮ್ಮತ್ತೂರಿನಲ್ಲಿ, ಮದುವೆ ಆಗಿ ಬಂದಿದ್ದು ಗುಂಡ್ಲುಪೇಟೆ ಪಕ್ಕದ ಹಳ್ಳಿಗೆ. ಬಂದು ಇಪ್ಪತ್ತು ವರ್ಷ ಆಗಿದ್ದರೂ ಎಲ್ಲರೂ ತವರೂರಿನ ಹೆಸರಲ್ಲೇ ಕರೆಯುತ್ತಿದ್ದರು. ನಾನು ಚಾಮರಾಜನಗರದವಳು ಅಂತ ಗೊತ್ತಾದ ದಿನವೇ "ನಮ್ಮ ಕಡೆ ಮಗ ಕಣಮ್ಮಿ ನೀನು" ಅಂತ ಹತ್ತಿರ ಮಾಡಿಕೊಂಡಳು. ಬುತ್ತಿ ತರದೆ ಬಂದ ದಿನ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಕೊಡುತ್ತಿದ್ದಳು. ಬೇಡ ಅಂದರೆ "ಡಿಗ್ರಿ ಮಾಡ್ದವ್ರು ಮುದ್ದೆ ಉಣ್ಣಬಾರ್ದು ಅಂತ ಬರ್ದದಾ?" ಅಂತ ರೇಗಿಸುವಳು.

ಅವಳ ಕೈ ಅಂದರೆ ಸುತ್ತ ನಾಲ್ಕು ಹಳ್ಳಿಗೆ ಗೊತ್ತು. ಮದುವೆ ಮನೆಗೆ ಉಪ್ಪಿನಕಾಯಿ ಹಾಕಬೇಕಾದರೆ ಅವಳನ್ನು ಕರೆಸಿ ಮೊದಲ ಹಿಡಿ ಉಪ್ಪು ಅವಳ ಕೈಯಲ್ಲೇ ಹಾಕಿಸುತ್ತಿದ್ದರು. ಎಮ್ಮೆ ಹೊಸದಾಗಿ ಕರು ಹಾಕಿದ ಮನೆಯಲ್ಲಿ ಮೊದಲ ಹೆಪ್ಪು ಅವಳದು. ಮೆಣಸಿನ ಸಸಿ ನೆಡಲು ಕೂಲಿಗೆ ಕರೆಯುವವರು ಕೂಡ "ಮೊದಲ ಸಾಲು ನೀನು ನೆಡವ್ವ" ಅನ್ನುವರು. ಅವಳಿಗೆ ಹೊಲ ಇರಲಿಲ್ಲ, ಶೆಡ್ಡು ಸೇರಿದ ವರ್ಷವೇ ಗಂಡ ತೀರಿಕೊಂಡಿದ್ದ, ಮಗ ಇನ್ನೂ ಯಾವ ಕೆಲಸದಲ್ಲೂ ನಿಂತಿರಲಿಲ್ಲ. ಊರಲ್ಲಿ ಅವಳಿಗೆ ಇದ್ದ ಮರ್ಯಾದೆ ಎಲ್ಲಾ ಆ ಎರಡು ಕೈಯದು. ಶೆಡ್ಡಿಗೆ ಕೆಲಸಕ್ಕೆ ತೆಗೆದುಕೊಂಡಾಗ ಯಜಮಾನರ ತಾಯಿಯೂ "ಆ ಕೈ ಇದ್ರೆ ಡ್ರಮ್ಮು ಕೆಡಲ್ಲ" ಅಂದಿದ್ದರಂತೆ.

ಅದೇ ಕೈಗಳನ್ನು ನಾನು ದಿನಾ ನೋಡುತ್ತಿದ್ದೆ. ವಿನೆಗರ್ ನೀರಲ್ಲಿ ಬೆಳಗಿಂದ ಸಂಜೆವರೆಗೆ ಅದ್ದಿ ಅದ್ದಿ ಬೆರಳ ಸಂದಿಯ ಚರ್ಮ ಬಿಳಿಚಿ ಸುಲಿದಿತ್ತು. ಉಗುರ ಬುಡ ಬಿರಿದಿತ್ತು. ಕೈಗವಸು ತರಿಸಿ ಅಂತ ಯಜಮಾನರಿಗೆ ಒಮ್ಮೆ ಹೇಳಿದೆ. ಅವರು ಕೆಟ್ಟ ಮನುಷ್ಯ ಅಂತ ಕಾಣಿಸುವವರಲ್ಲ, ವಿಭೂತಿ ಇಟ್ಟುಕೊಂಡು ನಗುನಗುತ್ತಾ ಮಾತಾಡುವವರು. "ಅವರಿಗೆಲ್ಲ ಅಭ್ಯಾಸ ಆಗೋಗಿರುತ್ತಮ್ಮ, ನಮ್ಮ ಥರ ಅಲ್ಲ" ಅಂದರು. ಆವತ್ತು ನಾನೂ ಹೌದೇನೋ ಅಂದುಕೊಂಡು ಲ್ಯಾಬಿಗೆ ಹೋದೆ.

ಲ್ಯಾಬು ಅಂದರೆ ಗೋಣಿಚೀಲ ಇಡುವ ಕೋಣೆ. ಒಂದು ಮೇಜು, ಹಳೆಯ ಮೈಕ್ರೋಸ್ಕೋಪು, ಹುಳಿ ಎಷ್ಟಿದೆ ಅಂತ ಅಳೆಯುವ ಗಾಜಿನ ಕೊಳವೆ, ಇಷ್ಟೇ. ಮೊದಲ ವರ್ಷ ಎಲ್ಲ ಸರಿಯಾಗಿತ್ತು. ಎರಡನೇ ವರ್ಷ ಬೇಸಿಗೆ ಮುಗಿಯುವಾಗ ಗೋದಾಮಿನಲ್ಲಿದ್ದ ಕೆಲವು ಡ್ರಮ್ಮುಗಳ ಮುಚ್ಚಳ ಉಬ್ಬಿಕೊಂಡವು. ಒಂದನ್ನು ತೆಗೆದರೆ ಬುಸ್ ಅಂತ ಗಾಳಿ ಬಂತು. ಮೇಲೆ ನೊರೆ, ಬಿಳಿ ಕೆನೆ. ಮಿಡಿಗಳು ಮೇಲೆ ಚೆನ್ನಾಗಿದ್ದು ಒಳಗೆ ಟೊಳ್ಳಾಗಿದ್ದವು. ಕೊಳ್ಳುವ ಕಂಪನಿಯವರು ಅಷ್ಟನ್ನೂ ವಾಪಸ್ಸು ಕಳಿಸಿದರು.

ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಯೀಸ್ಟು. ಮೊಟ್ಟೆಯಾಕಾರದ ಕಣಗಳು, ಪಕ್ಕದಲ್ಲಿ ಸಣ್ಣ ಮೊಗ್ಗು ಬಿಟ್ಟುಕೊಂಡು ಆರಾಮಾಗಿ ಇದ್ದವು. ನಾನು ಓದಿದ್ದ ಪುಸ್ತಕದಲ್ಲಿ ಎರಡು ಮಾತಿತ್ತು. ಹುಳಿ ಹೆಚ್ಚಿಸಿದರೆ ಇವು ಬೆಳೆಯಲ್ಲ. ಇವು ಬರುವುದು ಶುಚಿ ಇಲ್ಲದ ಕಡೆಯಿಂದ. ಮೊದಲನೆಯದನ್ನು ನಂಬಿ ವಿನೆಗರನ್ನು ಸ್ವಲ್ಪ ಜಾಸ್ತಿ ಮಾಡಿಸಿದೆ. ಎರಡು ವಾರ ಸುಮ್ಮನಿದ್ದು ಮತ್ತೆ ಉಬ್ಬಿದವು. ಇನ್ನೂ ಸ್ವಲ್ಪ ಹಾಕಿಸಿದೆ. ಹೆಂಗಸರ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಮತ್ತೆ ಉಬ್ಬಿದವು.

ಯಜಮಾನರು ಕಂಪನಿಗೆ ಕೊಡಲು ಒಂದು ರಿಪೋರ್ಟು ಬರೆದುಕೊಡು ಅಂದರು. ಆಗ ನಾನು ಪುಸ್ತಕದ ಎರಡನೇ ಮಾತನ್ನು ನಂಬಿದೆ. ಏನೂ ಪರೀಕ್ಷೆ ಮಾಡದೆ, ಯಾರನ್ನೂ ಕೇಳದೆ, ಕೋಣೆಯಲ್ಲಿ ಕೂತು ಬರೆದೆ: ಡ್ರಮ್ಮುಗಳಲ್ಲಿ ಯೀಸ್ಟು ಕಂಡುಬಂದಿದೆ, ಕೈಯಿಂದ ತುಂಬುವ ವಿಭಾಗದಲ್ಲಿ ಶುಚಿತ್ವದ ಕೊರತೆ ಇರಬಹುದು. 'ಇರಬಹುದು' ಅಂತ ಬರೆದಿದ್ದೆ, ಅದನ್ನೇ ದೊಡ್ಡ ನ್ಯಾಯ ಅಂದುಕೊಂಡಿದ್ದೆ. ಕೆಳಗೆ ಸಹಿ ಮಾಡಿ ಬಿ.ಎಸ್ಸಿ. ಅಂತ ಬೇರೆ ಹಾಕಿಕೊಂಡೆ.

ಮರುದಿನ ಮಧ್ಯಾಹ್ನ ಊಟದ ಹೊತ್ತಲ್ಲಿ ಯಜಮಾನರು ಆ ಕಾಗದ ಹಿಡಿದುಕೊಂಡು ಅಂಗಳಕ್ಕೆ ಬಂದರು. ಜೊತೆಗೆ ಅವರ ತಾಯಿ. ಹೆಂಗಸರೆಲ್ಲ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಯಜಮಾನರು ಕಾಗದ ಎತ್ತಿ ತೋರಿಸಿ, "ಇಷ್ಟು ಹುಳಿ ಹಾಕಿದೀವಿ, ಹುಳಿಯಲ್ಲಿ ಏನು ಬದುಕುತ್ತೆ? ತುಂಬೋರ ಕೈಯಿಂದಲೇ ಕೆಟ್ಟಿರೋದು ಅಂತ ಸೈನ್ಸ್ ಹುಡುಗೀನೇ ಬರೆದುಕೊಟ್ಟವ್ಳೆ" ಅಂದರು. ಅವರ ತಾಯಿ ಉಮ್ಮತ್ತೂರಕ್ಕನ ಕಡೆ ನೋಡಿ, "ಗಂಡ ಹೋದ್ಮೇಲೆ ಇವಳ ಕೈಗುಣ ಕೆಟ್ಟೋಗದೆ. ನಾನು ಆಗ್ಲೇ ಅಂದ್ಕಂಡೆ" ಅಂದರು.

ನಾನು ಬಾಗಿಲಲ್ಲೇ ನಿಂತಿದ್ದೆ. ನಾನು ಹಾಗೆ ಬರೆದಿಲ್ಲ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕೆಲಸ ಹೋಗುತ್ತೆ ಅಂತ ಭಯ ಇತ್ತು, ಅದನ್ನು ಮುಚ್ಚಿಡುವುದು ಯಾಕೆ.

ಉಮ್ಮತ್ತೂರಕ್ಕ ಅರ್ಧ ಉಂಡಿದ್ದ ಬುತ್ತಿ ಕಟ್ಟಿಕೊಂಡು ಎದ್ದಳು. ಅಳಲಿಲ್ಲ, ಬೈಯಲಿಲ್ಲ. ನನ್ನ ಮುಂದೆ ಹಾದು ಹೋಗುವಾಗ ಮೆಲ್ಲಗೆ, "ನೀನೂ ಅಂದ್ಬುಟ್ಟಲ್ಲ ಕಣಮ್ಮಿ" ಅಂದಳು. ಸೆರಗಿನ ಒಳಗೆ ಎರಡು ಕೈಯನ್ನೂ ಮುಚ್ಚಿಕೊಂಡು ಗೇಟು ದಾಟಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಬರೆಯ ಕಬ್ಬಿಣ ಕಾಯಿಸಿಕೊಟ್ಟವಳು ನಾನು.

ಅವಳ ಜಾಗಕ್ಕೆ ಬೇರೊಬ್ಬಳು ಬಂದಳು. ಡ್ರಮ್ಮುಗಳು ಉಬ್ಬುವುದು ನಿಲ್ಲಲಿಲ್ಲ. ಉಮ್ಮತ್ತೂರಕ್ಕ ಹೋದ ಮೂರನೇ ವಾರ ತುಂಬಿದ್ದೂ ಉಬ್ಬಿತು, ಐದನೇ ವಾರದ್ದೂ ಉಬ್ಬಿತು. ಈಗ ಯಾರ ಕೈಗುಣ ಸ್ವಾಮಿ ಅಂತ ನಾನು ಯಜಮಾನರನ್ನು ಕೇಳಿದೆ. "ಅವಳ ದೃಷ್ಟಿ ಇನ್ನೂ ಹೋಗಿಲ್ಲ" ಅಂತ ಹೇಳಿ ಗೋದಾಮಿನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಬುದ್ಧಿ ಇಲ್ಲದವರಿಗೆ ಯಾವ ಪ್ರಶ್ನೆಗೂ ಉತ್ತರ ಸಿದ್ಧ ಇರುತ್ತೆ.

ಭಾನುವಾರ ಚಾಮರಾಜನಗರದಲ್ಲಿ ನಮಗೆ ಪಾಠ ಮಾಡಿದ್ದ ಮೇಷ್ಟ್ರ ಮನೆಗೆ ಹೋದೆ. ನಿವೃತ್ತಿಗೆ ಹತ್ತಿರ ಬಂದಿದ್ದ ಮನುಷ್ಯ, ಸಸ್ಯಶಾಸ್ತ್ರ ಹೇಳುತ್ತಿದ್ದರು. ಎಲ್ಲ ಕೇಳಿಸಿಕೊಂಡು ಮೊದಲು ನನ್ನನ್ನೇ ಬೈದರು. ನೋಡದೆ ಬರೆಯೋಕೆ ನಿನಗೆ ಯಾರು ಹೇಳಿಕೊಟ್ಟರು ಅಂದರು. ಬೈಸಿಕೊಂಡೆ. ಆಮೇಲೆ ಕಾಫಿ ಕೊಡಿಸಿ ನಿಧಾನವಾಗಿ ಹೇಳಿದರು.

"ಯೀಸ್ಟಿಗೆ ಹುಳಿ ಇಷ್ಟ ಅಂತ ಅಲ್ಲಮ್ಮ. ಹೊರಗೆ ಎಷ್ಟೇ ಹುಳಿ ಇರಲಿ, ತನ್ನ ಒಳಗನ್ನು ಹುಳಿಯಾಗೋಕೆ ಅದು ಬಿಡಲ್ಲ. ವಿನೆಗರ್ ಬಲು ಕಳ್ಳ, ಇಡಿಯಾಗಿ ಗೋಡೆ ದಾಟಿ ಒಳಗೆ ನುಸುಳಿ, ಅಲ್ಲಿ ಒಡೆದು ಹುಳಿ ಬಿಡುತ್ತೆ. ಯೀಸ್ಟು ಏನು ಮಾಡುತ್ತೆ? ಬಂದ ಹುಳೀನ ಎತ್ತಿ ಎತ್ತಿ ಹೊರಗೆ ಹಾಕುತ್ತೆ. ಅದರ ಸಿಪ್ಪೇಲಿ ಅದಕ್ಕಂತಲೇ ಪಂಪುಗಳು ಇವೆ. ಬಾವಿ ತೋಡೋರು ನೋಡಿದೀಯಲ್ಲ, ತಳದಲ್ಲಿ ಒಸರೋ ಊಟೆ ನೀರು ಮೊಗೆದು ಹಾಕ್ತಾ ಹಾಕ್ತಾನೇ ಅಗೀತಾರೆ, ಹಾಗೆ. ತಿಂದ ಸಕ್ಕರೆಯಲ್ಲಿ ಬಹುಪಾಲು ಮೊಗೆಯೋದಕ್ಕೇ ಖರ್ಚು. ಬೆಳೆಯೋದಕ್ಕೆ ಉಳಿಯೋದು ಚೂರು. ಸೋತಿದ್ದು ಸಾಯುತ್ತೆ. ಮೊಗೆಯೋದು ಕಲಿತಿದ್ದು ಉಳಿಯುತ್ತೆ."

"ಮತ್ತೆ ನಾನು ವಿನೆಗರ್ ಜಾಸ್ತಿ ಮಾಡಿದ್ದು?" ಅಂತ ಕೇಳಿದೆ.

"ಒಂದೇ ಸಲಕ್ಕೆ ಜೋರಾಗಿ ಹಾಕಿದ್ದರೆ ಸತ್ತಿರೋವು. ನೀನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದೀಯ. ಆದರೆ ಒಂದು ಯೋಚನೆ ಮಾಡು. ಇಷ್ಟು ಪಳಗಿದ ಯೀಸ್ಟು ಯಾರ ಕೈ ಮೇಲೂ ಇರಲ್ಲ, ಕೈ ಮೇಲೆ ವಿನೆಗರ್ ತೊಟ್ಟಿ ಇಟ್ಟುಕೊಂಡಿರ್ತಾರ? ಹಳೇ ಹುಳಿ ತಿಂಗಳುಗಟ್ಟಲೆ ನಿಂತಿರೋ ಜಾಗ ಎಲ್ಲಾದರೂ ಇರಬೇಕು. ಹುಡುಕು."

ಅಂಥ ಜಾಗ ಇಲ್ಲ, ಎಲ್ಲ ದಿನಾ ಹೊಸದಾಗೇ ಬೆರೆಸ್ತೀವಿ ಸಾರ್ ಅಂದೆ. ಅಷ್ಟು ಖಚಿತವಾಗಿ ಹೇಳಿದೆ ನೋಡಿ. ಮನೆಗೆ ಬಂದೆ. ಅವ್ವ ವಾಡೆಗೆ ಹೊಸ ರಾಗಿ ಸುರಿಯಲು ಕೂತಿದ್ದಳು. ಹಳೆಯದನ್ನು ಮೊರಕ್ಕೆ ಬಳಿದುಕೊಂಡು, ತಳದಲ್ಲಿ ಒಂದು ಹಿಡಿ ಬಿಟ್ಟು, ಹೊಸದನ್ನು ಅದರ ಮೇಲೆ ಸುರಿದಳು. ಆ ಹಿಡಿ ರಾಗಿಯಲ್ಲಿ ನಾಲ್ಕು ಹುಳ ಓಡಾಡುತ್ತಿದ್ದವು. ನೋಡುತ್ತಾ ನಿಂತವಳಿಗೆ ತೊಟ್ಟಿ ನೆನಪಾಯಿತು. ಎರಡು ವರ್ಷದಿಂದ ಆ ತೊಟ್ಟಿಯ ತಳ ಒಂದು ದಿನವೂ ಒಣಗಿರಲಿಲ್ಲ. ದಿನಾ ಸಂಜೆ ಸೌತೆ ರಸ ಬೆರೆತ ನೀರನ್ನೂ ಅದಕ್ಕೇ ಸುರಿದು ಯೀಸ್ಟಿಗೆ ಊಟವನ್ನೂ ಹಾಕಿದ್ದೆವು. ನಾನು ಅದನ್ನು ಕಣ್ಣಾರೆ ನೋಡಿಯೂ ನೋಡಿರಲಿಲ್ಲ. ಯಾಕೆ ಅಂದರೆ ನಮ್ಮ ಮನೆಯಲ್ಲೂ ಹಾಗೇ ತಾನೇ ಮಾಡುವುದು.

ಬಾಯಲ್ಲಿ ಹೇಳಿದರೆ ಯಜಮಾನರು ಕೇಳುವವರಲ್ಲ. ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕಿತ್ತು. ಖಾಲಿ ಸೋಡಾ ಬಾಟಲಿ ಐದು ತಂದು ಕುದಿಸಿದೆ. ಐದಕ್ಕೂ ಹೊಸದಾಗಿ ಬೆರೆಸಿದ ಉಪ್ಪು ವಿನೆಗರ್ ನೀರು, ಒಂದಿಷ್ಟು ಕಾಯಿಸಿದ ಸೌತೆ ರಸ. ಒಂದಕ್ಕೆ ಬೋರ್‌ವೆಲ್ ನೀರು, ಒಂದಕ್ಕೆ ಡ್ರಮ್ಮು ತೊಳೆದ ನೀರು, ಒಂದಕ್ಕೆ ಹೊಸಬಳು ಕೈ ತೊಳೆದ ನೀರು, ಒಂದಕ್ಕೆ ತೊಟ್ಟಿಯ ತಳದ ನೀರು. ಐದನೆಯದಕ್ಕೆ ಬೇಕಾದದ್ದನ್ನು ತರಲು ಉಮ್ಮತ್ತೂರಕ್ಕನ ಊರಿಗೆ ಹೋಗಬೇಕಾಯಿತು.

ಅವಳು ಹಿಂದಲ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನನ್ನ ನೋಡಿ ಬಾ ಅಂದಳು, ಕೂತ್ಕೊ ಅಂದಳು, ನೀರು ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನೇ ಹೇಳಿದಳು. ಮೂರು ಮನೆ ಆಚೆ ಮದುವೆ ಇತ್ತಂತೆ. ಉಪ್ಪಿನಕಾಯಿ ಹಾಕಲು ಬೇರೆ ಊರಿಂದ ಯಾರನ್ನೋ ಕರೆಸಿದರಂತೆ. ಮೆಣಸಿನ ಸಸಿ ನೆಡುವ ಕೂಲಿಗೂ ಕರೆದಿರಲಿಲ್ಲ. "ಕಾಗ್ದದಲ್ಲಿ ಬರ್ದವ್ರಂತಲ್ಲ, ಅಂತಾರೆ. ನಂಗೆ ಓದಕ್ಕೆ ಬರಲ್ಲ. ಏನಂತ ಬರ್ದೆ ನೀನು?"

ಬರೆದದ್ದನ್ನು ಇದ್ದ ಹಾಗೇ ಹೇಳಿದೆ. ಅದು ತಪ್ಪು ಅಂತಲೂ ಹೇಳಿದೆ. ತಪ್ಪು ಅಂತ ತೋರಿಸೋಕೆ ನಿನ್ನ ಕೈ ತೊಳೆದ ನೀರು ಬೇಕು ಅಂದೆ.

"ಇದ್ರಲ್ಲೂ ಕೆಟ್ಟೋದ್ರೆ?" ಅಂದಳು.

"ಕೆಡಲ್ಲಕ್ಕ."

"ಆವತ್ತೂ ನೀನು ಹಿಂಗೇ ನಂಬ್ಕಂಡೇ ಬರ್ದಿದ್ದೆ ತಾನೆ?"

ಕೊನೆಗೆ ಅವಳೇ ಎದ್ದು ಬಂದು ಕೈ ಮುಂದೆ ಚಾಚಿದಳು. ನಾನು ಕುದಿಸಿ ಆರಿಸಿ ತಂದಿದ್ದ ನೀರನ್ನು ಅವಳ ಬೆರಳುಗಳ ಮೇಲೆ ಸುರಿದೆ, ಕೆಳಗೆ ಬಾಟಲಿ ಹಿಡಿದೆ. ಕೈಯ ಚರ್ಮ ಆಗಲೇ ಸ್ವಲ್ಪ ಕೂಡಿಕೊಂಡಿತ್ತು.

ಐದು ಬಾಟಲಿಯ ಬಾಯಿಗೂ ಸಂತೆಮರಹಳ್ಳಿ ಸಂತೆಯಲ್ಲಿ ತಂದ ಬಲೂನು ಕಟ್ಟಿದೆ. ಯೀಸ್ಟು ಬೆಳೆದರೆ ಗಾಳಿ ಬಿಡುತ್ತೆ, ಬಲೂನು ಏಳುತ್ತೆ, ಓದಿಲ್ಲದವರಿಗೂ ತಿಳಿಯುತ್ತೆ. ಲ್ಯಾಬಿನ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಹೆಂಗಸರು ದಿನಾ ಬಂದು ಇಣುಕುತ್ತಿದ್ದರು. ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ತೊಟ್ಟಿ ತಳದ ನೀರಿನ ಬಲೂನು ತಲೆ ಎತ್ತಿತು. ಎಂಟನೇ ದಿನಕ್ಕೆ ಅದು ಮುಷ್ಟಿಯಷ್ಟಾಗಿ ನೆಟ್ಟಗೆ ನಿಂತಿತ್ತು. ಉಳಿದ ನಾಲ್ಕೂ ಜೋತುಬಿದ್ದೇ ಇದ್ದವು, ಉಮ್ಮತ್ತೂರಕ್ಕನದೂ ಅದರಲ್ಲಿ ಒಂದು. ಇನ್ನೂ ಒಂದು ವಾರ ಬಿಟ್ಟೆ, ಅವು ಅಲುಗಲಿಲ್ಲ.

ಯಜಮಾನರನ್ನು ಕರೆದು ತೋರಿಸಿದೆ. ದಡ್ಡರಲ್ಲ, ಅರ್ಥ ಆಯಿತು. ಸುಮಾರು ಹೊತ್ತು ಬಲೂನು ಮುಟ್ಟಿ ಮುಟ್ಟಿ ನೋಡಿದರು. ಅವತ್ತೇ ತೊಟ್ಟಿಯ ನಲ್ಲಿ ಬಿಚ್ಚಿಸಿ ಪೂರ್ತಿ ಬರಿದು ಮಾಡಿಸಿದರು. ತಳದಲ್ಲಿ ಬೆರಳ ದಪ್ಪ ಬಿಳಿ ಗಸಿ ಕೂತಿತ್ತು. ಕುದಿಯುವ ನೀರಲ್ಲಿ ಎರಡು ಸಲ ತೊಳೆಸಿ ಬಿಸಿಲಿಗೆ ಒಣಗಿಸಿದರು. ಆಮೇಲೆ ತುಂಬಿದ ಯಾವ ಡ್ರಮ್ಮೂ ಉಬ್ಬಲಿಲ್ಲ.

"ಉಮ್ಮತ್ತೂರಕ್ಕನ್ನ ವಾಪಸ್ಸು ಕರೀಬೇಕು" ಅಂದೆ.

"ಬರಲಿ ಬಿಡಮ್ಮ, ಬೇಡ ಅಂದೋರು ಯಾರು."

"ಅವತ್ತು ಅಂಗಳದಲ್ಲಿ ಎಲ್ಲರ ಮುಂದೆ ಹೇಳಿದ್ರಲ್ಲ, ಹಾಗೇ ಎಲ್ಲರ ಮುಂದೆ ಹೇಳಿ. ಕೆಟ್ಟಿದ್ದು ತೊಟ್ಟಿಯಿಂದ ಅಂತ."

ಅವರ ಮುಖ ಗಂಟಾಯಿತು. "ತೊಟ್ಟಿ ನಿಯಮ ಅವ್ವ ಹಾಕಿದ್ದು. ವಯಸ್ಸಾದೋರು, ನಾಲ್ಕು ಜನದ ಮುಂದೆ ಅವರಿಗೆ ಅವಮಾನ ಆಗಬಾರದು. ಇವಳದೇನು, ಕೂಲಿಯೋರು, ನಾಲ್ಕು ದಿನ ಬೇಜಾರು ಮಾಡ್ಕೊಂಡು ಮರೀತಾರೆ. ಅವರಿಗೆಲ್ಲ ಅಭ್ಯಾಸ."

ಅದೇ ಮಾತು, ಮತ್ತೆ. ಈ ಸಲ ನನಗೆ ತಡೆಯಲಾಗಲಿಲ್ಲ. ಅಭ್ಯಾಸ ಅಂದರೆ ಏನು ಅಂತ ನನಗೆ ಮೇಷ್ಟ್ರು ಹೇಳಿದ್ದರು, ಕಣ್ಣಿಗೆ ಕಾಣದ ಒಂದು ಯೀಸ್ಟು ಹುಳಿಗೆ ಅಭ್ಯಾಸ ಆಗಬೇಕಾದರೆ ತಿಂದದ್ದನ್ನೆಲ್ಲ ಅದಕ್ಕೇ ಸುರಿಯಬೇಕು. ಹೆಂಗಸು ಸುಮ್ಮನೆ ಅಭ್ಯಾಸ ಮಾಡಿಕೊಳ್ಳುತ್ತಾಳಾ? ಇದನ್ನೆಲ್ಲ ಅವರ ಮುಖಕ್ಕೇ ಹೇಳಿದೆ. ಮಾತು ಹಿಂದುಮುಂದಾಗುತ್ತಿತ್ತು. ಅವರಿಗೆ ಒಂದು ಅಕ್ಷರ ಹಿಡಿಸಲಿಲ್ಲ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. "ನೀನು ಲ್ಯಾಬು ನೋಡ್ಕೊ" ಅಂದು ಹೊರಟುಹೋದರು.

ಮರುದಿನ ಊಟದ ಹೊತ್ತಿಗೆ ನಾನೇ ಹೊಸ ಕಾಗದ ಬರೆದುಕೊಂಡು ಅಂಗಳದಲ್ಲಿ ನಿಂತೆ. ಡ್ರಮ್ಮು ಕೆಟ್ಟಿದ್ದು ತೊಟ್ಟಿಯ ತಳದ ಹಳೆ ನೀರಿನಿಂದ, ತುಂಬುವವರ ಕೈಯಿಂದ ಅಲ್ಲ, ಮೊದಲು ಬರೆದದ್ದು ನನ್ನ ತಪ್ಪು ಅಂತ ಗಟ್ಟಿಯಾಗಿ ಓದಿದೆ. ಹೆಂಗಸರು ಉಣ್ಣುವುದು ನಿಲ್ಲಿಸಿ ಕೇಳಿದರು. ಓದಿ ಮುಗಿದ ಮೇಲೆ ಅವರಲ್ಲಿ ಹಿರಿಯಳೊಬ್ಬಳು ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡು, "ಏನಾರ ಆಗ್ಲಿ ಬುಡವ್ವ, ಉಮ್ಮತ್ತೂರವ್ಳು ಕೆಲ್ಸ ಬುಟ್ಟೋದ್ಮೇಲೇ ತಾನೆ ಸರಿ ಓಗಿದ್ದು" ಅಂದಳು. ಉಳಿದವರು ಹೌದು ಹೌದು ಅಂತ ತಲೆ ಆಡಿಸಿದರು. ಅವಳು ಹೋದ ಮೇಲೂ ಉಬ್ಬಿದ ಡ್ರಮ್ಮುಗಳನ್ನು ಇವರೇ ಕೈಯಾರೆ ಹೊರಗೆ ಚೆಲ್ಲಿದ್ದರು. ಕಿಟಕಿಯಲ್ಲಿ ಬಲೂನು ದಿನಾ ನೋಡಿದ್ದರು. ಆದರೂ ಆ ಮಾತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕು ಅಂತಲೇ ತಿಳಿಯಲಿಲ್ಲ.

ಉಮ್ಮತ್ತೂರಕ್ಕ ವಾಪಸ್ಸು ಬರಲಿಲ್ಲ. ಯಜಮಾನರು ಕರೆಸಿದ್ದು ಆಳಿನ ಕೈಲಿ ಹೇಳಿ ಕಳಿಸಿ, ಅದೂ ನೆಲ ತೊಳೆಯುವ ಕೆಲಸಕ್ಕೆ. ನಾನೂ ಆ ವರ್ಷವೇ ಕೆಲಸ ಬಿಟ್ಟೆ. ಬಿಡುವ ಮುಂಚೆ ಅವಳ ಮನೆಗೆ ಹೋಗಿ ಬಾಟಲಿ, ಬಲೂನು ಎಲ್ಲ ವಿವರಿಸಿ ಹೇಳಿದೆ. ಅವಳು ಮಗುವಿನ ಮಾತು ಕೇಳುವ ಹಾಗೆ ಕೇಳಿ, ಈ ಸಲ ನೀರು ಕೊಟ್ಟಳು. ನಮ್ಮ ಮನೆಗೆ ನಿಂಬೆ ಉಪ್ಪಿನಕಾಯಿ ಹಾಕಿಕೊಡು ಅಂತ ಗಂಟುಬಿದ್ದೆ. ಬೇಡ ಅಂದಳು. ಬಿಡಲಿಲ್ಲ. ನಿಂಬೆಹಣ್ಣು ನಾನೇ ತಂದು ಎದುರಿಗೆ ಸುರಿದೆ. ಮನಸ್ಸಿಲ್ಲದ ಮನಸ್ಸಲ್ಲಿ ಹಾಕಿದಳು. ಆ ಭರಣಿಯನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ. ವರ್ಷ ಕಳೆದರೂ ಅದಕ್ಕೆ ಒಂದು ಚುಕ್ಕೆ ಬೂಷ್ಟು ಬರಲಿಲ್ಲ. ಭರಣಿ ಮುಗಿದ ದಿನ ನಾನೇ ತಳ ಬಳಿದು, ತೊಳೆದು, ಬಿಸಿಲಿಗೆ ಬೋರಲು ಹಾಕಿದೆ. ಅವ್ವ ಬೈದಳು, ಬೈಯಲಿ.

ಎರಡು ವರ್ಷ ಆದ ಮೇಲೆ, ಚಾಮರಾಜನಗರ ಆಗ ಜಿಲ್ಲೆ ಆಗಿತ್ತು, ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದಳು. ಮಗನ ಮದುವೆ ಆಗಿತ್ತಂತೆ, ಸೊಸೆ ಜೊತೆ ಬಂದಿದ್ದಳು. ನನ್ನ ಮದುವೆಗೆ ತನ್ನನ್ನು ಕರೆಯಲಿಲ್ಲ ಅಂತ ಜಗಳ ತೆಗೆದಳು. ಕೇರಳದ ಕಡೆ ಹೋಗುವ ಬಸ್ಸಿನ ಗಲಾಟೆಯಲ್ಲಿ ನಾವಿಬ್ಬರೂ ಕಂಬದ ಪಕ್ಕ ನಿಂತು ಮಾತಾಡಿದೆವು. ಸೊಸೆ ಬಾಳೆಹಣ್ಣು ತರಲು ಹೋದಾಗ ಅವಳು ನನ್ನ ಹತ್ತಿರ ಸರಿದು, "ಆ ನಿಂಬೆಕಾಯಿ ಕೆಟ್ಟೋಯ್ತಾ?" ಅಂತ ಕೇಳಿದಳು.

"ಇಲ್ಲಕ್ಕ. ಕೊನೆ ಹೋಳಿನವರೆಗೂ ಚೆನ್ನಾಗಿತ್ತು."

"ನಿಜ ಹೇಳು, ನಂಗೇನೂ ಬೇಜಾರಿಲ್ಲ."

"ಅವ್ವನಾಣೆ ಕೆಡಲಿಲ್ಲ."

ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಕೈ ತಿರುವಿ ಅಂಗೈ ನೋಡಿಕೊಂಡಳು. ಚರ್ಮ ಪೂರ್ತಿ ವಾಸಿಯಾಗಿತ್ತು. "ಅದೇನೋ ಕಣಮ್ಮಿ, ಈಗ ಮನೇಲಿ ಹಾಲಿಗೆ ಹೆಪ್ಪೂ ನಾನು ಹಾಕಲ್ಲ. ಮನೆ ತುಂಬಿದ ಸೊಸೆ ಅವ್ಳಲ್ಲ, ಅವಳ ಕೈಲೇ ಹಾಕಿಸ್ತೀನಿ" ಅಂದಳು. ಸೊಸೆ ಬಾಳೆಹಣ್ಣಿನ ಚಿಪ್ಪು ತಂದಳು. ಉಮ್ಮತ್ತೂರಕ್ಕ ಅದರಲ್ಲಿ ಎರಡನ್ನು ನನಗೆ ಕೊಡಿಸಿದಳು, ಕಿತ್ತು ಕೊಟ್ಟಿದ್ದು ಮಾತ್ರ ಸೊಸೆ.